ಹಲ್ಲಕ್ಕ ಮಾಡಿದ ಹೆಲ್ಪು

ಹೆಲ್ಪ್ ಎನ್ನುವ ಮಾತನ್ನು ನಮ್ಮ ಬಾಯಿಗೆ ತಂದು ಹಾಕಿದ ಪುಣ್ಯಾತ್ಮ ಯಾರೋ, ಅವನು ಒಂದು ಸಲ ಹಲ್ಲಕ್ಕನ ಕೈಗೆ ಸಿಗಬೇಕಿತ್ತು. ಅವಳು ಅವನನ್ನು ಸುಮ್ಮನೆ ಬಿಡುತ್ತಿರಲಿಲ್ಲ. ಉಪಕಾರ ಮಾಡು ಎಂದು ಕೇಳುವವನಿಗೆ ಸ್ವಲ್ಪವಾದರೂ ಸಂಕೋಚ ಇರುತ್ತದೆ, ಮುಂದೆ ಋಣ ಹೊತ್ತುಕೊಂಡು ತಿರುಗಬೇಕಲ್ಲ ಎಂಬ ಅಳುಕಿರುತ್ತದೆ. ಸ್ವಲ್ಪ ಹೆಲ್ಪ್ ಮಾಡು ಎನ್ನುವವನಿಗೆ ಅಂಥ ಯಾವ ಕಾಟವೂ ಇಲ್ಲ. ಅವನು ಕೇಳುವುದು ಯಾವಾಗಲೂ ಸ್ವಲ್ಪ, ಮಾಡಿಸಿಕೊಳ್ಳುವುದು ಪೂರ್ತಿ.

ಹಲ್ಲಕ್ಕನ ಗಂಡನಿಗೆ ಬಸ್ ಡಿಪೋದಲ್ಲಿ ಕೆಲಸ. ಕೆಟ್ಟವನಲ್ಲ. ಕುಡಿಯುವವನಲ್ಲ, ಕೈ ಎತ್ತುವವನಲ್ಲ. ರಜೆಯ ದಿನ ತಾನು ಟೀ ಕುಡಿದ ಲೋಟವನ್ನು ತಾನೇ ತೊಳೆದಿಟ್ಟು, "ನಾನೂ ಮನೇಲಿ ಹೆಲ್ಪ್ ಮಾಡ್ತೀನಪ್ಪ" ಎಂದು ಬೀದಿಯ ತುದಿಯವರೆಗೂ ಹೇಳಿಕೊಂಡು ಬರುತ್ತಿದ್ದ. ಉಳಿದ ರಾಶಿ ಪಾತ್ರೆ ತೊಳೆದವಳು ಏನು ಮಾಡಿದಳು ಎಂದು ಕೇಳಿದರೆ ಅವನಿಗೆ ಪ್ರಶ್ನೆಯೇ ಅರ್ಥವಾಗುತ್ತಿರಲಿಲ್ಲ. ನಾದಿನಿಯ ಹೆಲ್ಪ್ ಎಂದರೆ ರಜೆ ಮುಗಿಯುವವರೆಗೂ ಮಕ್ಕಳನ್ನು ತಂದು ಇವಳ ಮನೆಯಲ್ಲಿ ಬಿಡುವುದು. ಠಾಣೆಯ ಪೇದೆ "ನಮಗೂ ಏನಾದ್ರೂ ಹೆಲ್ಪ್ ಮಾಡಿ" ಎಂದರೆ ಅದು ಅವನ ಜೇಬಿನ ಮಾತು. ದೊಡ್ಡಾಸ್ಪತ್ರೆಯಲ್ಲಿ ಹೆಲ್ಪ್ ಎಂದು ಬರೆದ ಬೋರ್ಡಿನ ಕೆಳಗೆ ಒಂದು ಖಾಲಿ ಕುರ್ಚಿ, ಕುರ್ಚಿಯ ಮೇಲೆ ಯಾರದೋ ಊಟದ ಚೀಲ. ಕಾಲೇಜಿಗೆ ಹೋಗುವ ಮಗಳು ಒಂದು ಸಂಜೆ ಪುಸ್ತಕ ಹಿಡಿದುಕೊಂಡು, "ಅಮ್ಮ, ಊಟಕ್ಕೆ ಕೂತಾಗ ಹೆಲ್ಪ್ ಯುವರ್‌ಸೆಲ್ಫ್ ಅಂದ್ರೆ ಏನು ಗೊತ್ತಾ? ನೀನೇ ಬಡಿಸ್ಕೋ ಅಂತ" ಎಂದಳು. "ಆ ಒಂದು ಅರ್ಥ ಮಾತ್ರ ನಮ್ಮ ಮನೇಲಿ ಯಾರಿಗೂ ಗೊತ್ತಿಲ್ಲ ನೋಡು" ಎಂದಳು ಹಲ್ಲಕ್ಕ. ಅಷ್ಟು ಹೇಳಿ ಎಲ್ಲರಿಗೂ ಬಡಿಸಿದಳು.

ಅವಳಿಗೆ ಆ ಅಡ್ಡಹೆಸರು ಬಂದದ್ದು ಕೆಲಸದಿಂದ. ಕಬ್ಬಿಣದ ಸಾಮಾನಿನ ಅಂಗಡಿಯ ಮೇಲೆ, ಎರಡನೇ ಮಹಡಿಯಲ್ಲಿ, ಹಲ್ಲು ಕಟ್ಟುವ ಒಂದು ಲ್ಯಾಬು. ದಂತವೈದ್ಯರು ರೋಗಿಗಳ ಬಾಯಿಯ ಅಚ್ಚು ತೆಗೆದು ಡಬ್ಬಿಯಲ್ಲಿ ಕಳಿಸುತ್ತಾರೆ, ಇಲ್ಲಿಂದ ಹಲ್ಲಿನ ಸೆಟ್ಟು ಹೋಗುತ್ತದೆ. ಉದ್ದನೆಯ ಒಂದೇ ಕೋಣೆ. ಗೋಡೆ, ನಲ್ಲಿ, ಬಾಗಿಲ ಚಿಲಕ, ಎಲ್ಲದರ ಮೇಲೂ ಪ್ಲಾಸ್ಟರಿನ ಬಿಳಿ ಹುಡಿ. ಗೋಡೆಗುಂಟ ನಿಂತು ಮಾಡುವ ಕೆಲಸದ ಮೇಜು. ಕಿಟಕಿಯ ಪಕ್ಕದಲ್ಲಿ ಕೂತು ಮಾಡುವ ಕೆಲಸದ ಮೇಜು. ಆ ಎರಡನೇ ಮೇಜಿಗೆ ಒಂದು ಬಗ್ಗಿಸುವ ದೀಪ, ಕೈ ಇರುವ ಒಂದು ಕುರ್ಚಿ. ಗುಲಾಬಿ ಮೇಣದ ಒಸಡಿನ ಮೇಲೆ ಹಲ್ಲನ್ನು ಒಂದೊಂದಾಗಿ ಕೂರಿಸುವುದು ಆ ಕುರ್ಚಿಯಲ್ಲಿ. ಅಲ್ಲಿ ಕೂತವರು ಹಲ್ಲು ಕಟ್ಟುವವರು, ನಿಂತು ಮಾಡುವವರು ಹೆಲ್ಪರು.

ಅವಳು ಹರೆಯದಲ್ಲಿ ಆ ಲ್ಯಾಬಿನ ಕಸ ಗುಡಿಸಲು ಸೇರಿದಳು. ಯಜಮಾನರನ್ನು ಎಲ್ಲರೂ ಮೇಷ್ಟ್ರು ಎನ್ನುತ್ತಿದ್ದರು. ಅವರು ಅವಳಿಗೆ ಒಂದು ದಿನವೂ ಕೆಲಸ ಕಲಿ ಎಂದು ಹೇಳಲಿಲ್ಲ. ಪ್ಲಾಸ್ಟರ್ ಕಲಸೋಕೆ ಹೆಲ್ಪ್ ಮಾಡು ಎಂದರು, ಕಲಸಿದಳು. ಅಚ್ಚು ಬಿಡಿಸೋಕೆ ಹೆಲ್ಪ್ ಮಾಡು ಎಂದರು, ಬಿಡಿಸಿದಳು. ಮೇಣ ಕೆತ್ತೋಕೆ, ಸೆಟ್ಟು ಬೇಯಿಸೋಕೆ, ಉಜ್ಜಿ ಹೊಳಪು ಕೊಡೋಕೆ, ಒಂದಾದ ಮೇಲೊಂದು. ಕೊನೆಗೆ ಹಲ್ಲು ಕೂರಿಸುವುದಕ್ಕೂ ಕೈ ಪಳಗಿತು. ಅಷ್ಟೆಲ್ಲ ಕಲಿತ ಮೇಲೂ ಅವಳು ಹೆಲ್ಪರ್ ಆಗಿಯೇ ಉಳಿದಳು. ಕಲಿಸಿದೆನೆಂದು ಹೇಳಿದರೆ ಕಲಿತಳೆಂದು ಒಪ್ಪಬೇಕಾಗುತ್ತದೆ, ಅದಕ್ಕೇ ಹೇಳಲಿಲ್ಲ ಎಂದು ಅವಳಿಗೆ ಹೊಳೆಯಲು ಬಹಳ ಕಾಲ ಹಿಡಿಯಿತು.

ಆಮೇಲೆ ಮೇಷ್ಟ್ರ ಬಲಗೈ ನಡುಗಲು ಶುರುವಾಯಿತು. ಮೊದಮೊದಲು ಚಳಿಗೆ ಎಂದರು, ವಯಸ್ಸಿಗೆ ಎಂದರು. ಒಂದು ದಿನ ಮೇಣದ ಮೇಲೆ ಕೂರಿಸಬೇಕಾದ ಹಲ್ಲೆಲ್ಲ ಅಂಗೈಯಿಂದ ಜಾರಿ ನೆಲಕ್ಕೆ ಬಿದ್ದಾಗ, ಬಾಗಿಲು ಹಾಕಿ ಬಂದು ಅವಳನ್ನು ಆ ಕುರ್ಚಿಯಲ್ಲಿ ಕೂರಿಸಿದರು. "ಡಾಕ್ಟರುಗಳಿಗೆ ಗೊತ್ತಾದ್ರೆ ಆರ್ಡರ್ ಹೋಗುತ್ತೆ. ಇಲ್ಲಿರೋದೇ ನಾವಿಬ್ಬರು, ನಮ್ಮಲ್ಲೇ ಇರ್ಲಿ. ಸ್ವಲ್ಪ ಹೆಲ್ಪ್ ಮಾಡು" ಎಂದರು. ಅಂದಿನಿಂದ ಐದಾರು ವರ್ಷ ಆ ಲ್ಯಾಬಿನಿಂದ ಹೊರಗೆ ಹೋದ ಒಂದೊಂದು ಹಲ್ಲೂ ಅವಳ ಬೆರಳಿನಿಂದ ಹೋಯಿತು. ಮೇಷ್ಟ್ರು ಬಾಗಿಲ ಬಳಿ ಪತ್ರಿಕೆ ಓದುತ್ತಾ ಮೆಟ್ಟಿಲಿನ ಕಡೆ ಕಿವಿ ಇಟ್ಟುಕೊಂಡು ಕೂತಿರುತ್ತಿದ್ದರು. ಯಾರದಾದರೂ ಬೂಟಿನ ಸದ್ದಾದರೆ ಒಂದು ಸಣ್ಣ ಕೆಮ್ಮು. ಕೆಮ್ಮಿದ ಕೂಡಲೇ ಅವಳು ಎದ್ದು ನಲ್ಲಿಯ ಹತ್ತಿರ ಹೋಗಿ ನಿಲ್ಲಬೇಕು. ಅವರು ಬಂದು ಬಿಸಿಯಾಗಿದ್ದ ಕುರ್ಚಿಯಲ್ಲಿ ಕೂತು, ಅವಳ ಮೇಣದ ಚಾಕು ಹಿಡಿದುಕೊಂಡು, "ಬನ್ನಿ ಡಾಕ್ಟ್ರೇ, ನಿಮ್ಮದೇ ಕೆಲಸ ನಡೀತಿದೆ" ಎನ್ನಬೇಕು.

ಇಂಥದ್ದನ್ನು ಯಾರಾದರೂ ಸಹಿಸುತ್ತಾರೆಯೇ ಎಂದು ನೀವು ಕೇಳಬಹುದು. ಅವಳು ಹಲ್ಲು ಕಚ್ಚಿಕೊಂಡು ಸಹಿಸಿದಳು, ಒಂದೇ ಕಾರಣಕ್ಕೆ. ಮೇಷ್ಟ್ರು ಮಾತು ಕೊಟ್ಟಿದ್ದರು. "ನಾನು ನಿವೃತ್ತಿ ತಗೊಂಡ ದಿನ ಈ ಕುರ್ಚಿ ನಿಂದು. ಎಲ್ಲರ ಮುಂದೆ ಹೇಳಿ ಕೊಡ್ತೀನಿ" ಎಂದಿದ್ದರು. ಅವಳಿಗೆ ಬೇಕಾಗಿದ್ದುದು ಆ ಹೇಳುವಿಕೆ. ಯಾರು ಬಂದರೂ ಏಳದೆ ಕೂತಿರುವ ಒಂದು ದಿನ ಬೇಕಾಗಿತ್ತು.

ಈ ನಡುವೆ ಮೇಷ್ಟ್ರ ಸ್ವಂತ ಹಲ್ಲುಗಳೂ ಒಂದೊಂದಾಗಿ ಕೈಕೊಟ್ಟವು. ಅವರ ಬಾಯಿಗೂ ಅವಳೇ ಕಟ್ಟಿದಳು. ಅದೆಷ್ಟು ಮುತುವರ್ಜಿ ವಹಿಸಿದಳೆಂದರೆ, ಹುಟ್ಟಿನಿಂದ ಬಂದದ್ದಲ್ಲ ಎಂದು ಅವರ ಹೆಂಡತಿಯ ಹೊರತು ಯಾರಿಗೂ ಗೊತ್ತಾಗುವಂತಿರಲಿಲ್ಲ. ಮೇಷ್ಟ್ರು ಡಾಕ್ಟರುಗಳೆದುರು ಬಾಯಿ ಅಗಲಿಸಿ ನಕ್ಕು, "ನೋಡಿ, ನಮ್ಮ ಲ್ಯಾಬಿನ ಕೆಲಸ ಅಂದ್ರೆ ಇದು" ಎನ್ನುತ್ತಿದ್ದರು. ನಲ್ಲಿಯ ಹತ್ತಿರ ನಿಂತವಳಿಗೆ ಮೈಯೆಲ್ಲ ಉರಿಯುತ್ತಿತ್ತು.

ಕೊನೆಗೂ ನಿವೃತ್ತಿಯ ಮಾತು ಬಂತು. ಅದರ ಹಿಂದೆಯೇ ಮೇಷ್ಟ್ರ ಅಕ್ಕನ ಮಗನೂ ಬಂದ. ಎಲ್ಲೋ ಒಂದು ಕೋರ್ಸು ಮುಗಿಸಿಕೊಂಡು ಬಂದಿದ್ದ. ಮರ್ಯಾದಸ್ಥನೇ; ಅವಳನ್ನು ಅಕ್ಕಾ ಎಂದೇ ಕರೆದ. ಮೇಷ್ಟ್ರು ಅವಳ ಮುಖ ನೋಡದೆ, ಗೋಡೆಯ ಕಪಾಟಿಗೆ ಹೇಳುವವರಂತೆ ಹೇಳಿದರು.

"ಇನ್ನು ಮೇಲೆ ಲ್ಯಾಬು ಇವನೇ ನೋಡ್ಕೊಳ್ತಾನೆ. ಕಿಟಕಿ ಮೇಜಲ್ಲಿ ಇವನು ಕೂರಲಿ. ನೀನು ಪಕ್ಕದಲ್ಲಿದ್ದು ಸ್ವಲ್ಪ ಹೆಲ್ಪ್ ಮಾಡು."

"ಕುರ್ಚಿ ನಂಗೆ ಅಂದಿದ್ರಲ್ಲ ಸಾರ್?"

"ಅಂದಿದ್ದೆ, ಇಲ್ಲ ಅಂತೀನಾ? ಮನೆಯವರ ಮಾತು ಮೀರೋಕಾಗಲ್ಲ. ನಮ್ಮಕ್ಕ ಕೂತ್ರೂ ನಿಂತ್ರೂ ಅದೇ ಹೇಳ್ತಾಳೆ. ಕುರ್ಚೀಲಿ ಏನಿದೆ ಬಿಡು, ಕೆಲಸ ನೀನೇ ತಾನೇ ಮಾಡೋದು?"

ಕುರ್ಚಿಯಲ್ಲಿ ಏನಿದೆಯಂತೆ! ಏನೂ ಇಲ್ಲದಿದ್ದರೆ ಬೂಟಿನ ಸದ್ದಿಗೆ ಐದಾರು ವರ್ಷ ಓಡೋಡಿ ಬಂದು ಅದರಲ್ಲಿ ಕೂತವರು ಯಾರು? ಈ ಪ್ರಶ್ನೆಯನ್ನು ಹೊತ್ತುಕೊಂಡೇ ಅವಳು ಮನೆಗೆ ಬಂದು ಕುರ್ಚಿ ಕೈತಪ್ಪಿತೆಂದು ಗಂಡನ ಮುಂದೆ ಹೇಳಿಕೊಂಡಳು. ಅವನು ಸಮಾಧಾನ ಮಾಡಲೆಂದೇ ಬಾಯಿ ಬಿಟ್ಟ.

"ಹೋಗ್ಲಿ ಬಿಡೇ. ನೀನು ಹೆಲ್ಪ್ ಮಾಡೋಕೆ ತಾನೇ ಹೋಗ್ತಿರೋದು? ಯಾರು ಕೂತ್ರೆ ನಿಂಗೇನು?"

ಅವಳು ಅವನನ್ನೇ ನೋಡಿದಳು. ಇಷ್ಟು ವರ್ಷ ಜೊತೆಯಲ್ಲಿ ಬಾಳಿದ ಮನುಷ್ಯನಿಗೂ ತಾನು ದಿನಾ ಎಲ್ಲಿಗೆ, ಏನು ಮಾಡಲು ಹೋಗುತ್ತೇನೆಂದು ಗೊತ್ತಿಲ್ಲ. ಅವಳು ತಾನಾಗಿ ಎಂದೂ ಬಿಡಿಸಿ ಹೇಳಿರಲಿಲ್ಲ ನಿಜ, ಆದರೆ ಅವನೂ ಎಂದೂ ಕೇಳಿರಲಿಲ್ಲ. ಅಂದು ಅವಳಿಗೆ ಅಳು ಬರಲಿಲ್ಲ, ಸಿಟ್ಟು ನೆತ್ತಿಗೇರಿತು. "ನಾಳಿದ್ದು ಮೇಷ್ಟ್ರು ಎಲ್ಲರನ್ನೂ ಕರೆದಿದಾರೆ. ನೀವೂ ಬನ್ನಿ, ನಾನೇನು ಮಾಡೋಕೆ ಹೋಗ್ತೀನಿ ಅಂತ ನೋಡಿ" ಎಂದಳು.

ಬೀಳ್ಕೊಡುಗೆಯ ದಿನ ಆ ಕೋಣೆಯ ಗುರುತೇ ಸಿಗುವಂತಿರಲಿಲ್ಲ. ಹುಡಿ ಒರೆಸಿ, ಬಾಡಿಗೆ ಕುರ್ಚಿಗಳನ್ನು ಹಾಕಿದ್ದರು. ಒರೆಸಿದವಳು ಯಾರೆಂದು ಬೇರೆ ಹೇಳಬೇಕಾಗಿಲ್ಲ. ಹಲ್ಲಿನ ಡಾಕ್ಟರುಗಳು ಮುಂದಿನ ಸಾಲಿನಲ್ಲಿ ಬಿಸ್ಕತ್ತು ತಿನ್ನುತ್ತಾ ಕೂತಿದ್ದರು. ಮೇಷ್ಟ್ರ ಹೆಂಡತಿ ಟೀ ಕೊಡುತ್ತಿದ್ದರು. ಅಕ್ಕನ ಮಗ ಹೊಸ ಅಂಗಿ ಹಾಕಿಕೊಂಡು ಕಿಟಕಿಯ ಕುರ್ಚಿಯ ಪಕ್ಕದಲ್ಲಿ ಫೋಟೋಕ್ಕೆ ನಿಂತಿದ್ದ. ಹಲ್ಲಕ್ಕನ ಗಂಡ ಎಲ್ಲಕ್ಕಿಂತ ಹಿಂದೆ, ಬಾಗಿಲ ಪಕ್ಕ.

ಮೇಷ್ಟ್ರು ಚೆನ್ನಾಗಿಯೇ ಮಾತಾಡಿದರು. ತಮ್ಮ ಗುರುಗಳನ್ನು ನೆನೆದರು, ಡಾಕ್ಟರುಗಳನ್ನು ಹೊಗಳಿದರು, ಅಕ್ಕನ ಮಗನನ್ನು ಅಟ್ಟಕ್ಕೇರಿಸಿದರು. ಕೊನೆಗೆ, "ಇನ್ನು ನಮ್ಮ ಹೆಲ್ಪರ್. ಪಾಪ, ಇಷ್ಟು ವರ್ಷ ಬೇಸರ ಇಲ್ಲದೆ ಹೆಲ್ಪ್ ಮಾಡಿದಾಳೆ. ಅವಳಿಗೂ ಒಂದು ನೆನಪಿನ ಕಾಣಿಕೆ" ಎಂದು ಒಂದು ಗೋಡೆ ಗಡಿಯಾರ ಎತ್ತಿ ಹಿಡಿದರು. ಪಾಪ ಎಂಬ ಮಾತು, ಹೆಲ್ಪರ್ ಎಂಬ ಮಾತು, ಎರಡೂ ಅವಳು ಕಟ್ಟಿದ ಹಲ್ಲುಗಳ ನಡುವಿನಿಂದಲೇ ಸ್ಪಷ್ಟವಾಗಿ ಹೊರಬಿದ್ದವು. ಜನ ಚಪ್ಪಾಳೆ ತಟ್ಟಿದರು.

"ಎರಡು ಮಾತು ಹೇಳಮ್ಮ" ಎಂದರು ಯಾರೋ.

ಅವಳು ಗಡಿಯಾರ ತೆಗೆದುಕೊಳ್ಳಲಿಲ್ಲ. "ಭಾಷಣ ನಂಗೆ ಬರಲ್ಲ. ಒಂದೇ ಒಂದು ಮಾತು ಕೇಳ್ತೀನಿ. ಸಾರ್, ನಿಮ್ಮ ಬಾಯಲ್ಲಿರೋ ಹಲ್ಲು ಯಾರು ಕಟ್ಟಿದ್ದು?"

ಒಂದಿಬ್ಬರು ನಕ್ಕರು. ಮೇಷ್ಟ್ರೂ ನಗಲು ಬಾಯಿ ತೆರೆದು, ಹಾಗೇ ಮುಚ್ಚಿಕೊಂಡರು. "ಏನಮ್ಮ ಇದು, ನಮ್ಮ ಲ್ಯಾಬಲ್ಲೇ ಆಗಿದ್ದು."

"ತಾನಾಗೇ ಆಗಲ್ಲ ಸಾರ್. ಗೋಡೆ ಹಲ್ಲು ಕಟ್ಟಲ್ಲ, ಕಿಟಕಿ ಕಟ್ಟಲ್ಲ. ಯಾರು ಕಟ್ಟಿದ್ದು?"

"ಎಲ್ಲಾ ಸೇರಿ..."

"ಯಾರ್ಯಾರು?"

ಹಿಂದಿನಿಂದ ಗಂಡ, "ಸಾಕು ಬಾರೇ" ಎಂದ. ಅವಳು ತಿರುಗಲಿಲ್ಲ. ಮೇಷ್ಟ್ರು ಮುಂದಿನ ಸಾಲಿನ ಕಡೆ ನೋಡಿದರು. ಒಂದು ಹೆಸರು ಬಾಯಿಂದ ಬಿದ್ದರೆ ಆ ಡಾಕ್ಟರುಗಳ ಮುಂದೆ ಇಷ್ಟು ವರ್ಷ ಆಡಿದ ನಾಟಕವೆಲ್ಲ ಬಯಲು. ಅದು ಅವಳಿಗೂ ಗೊತ್ತಿತ್ತು. ಗೊತ್ತಿದ್ದೇ ಕೇಳಿದ್ದಳು.

"ಕುರ್ಚಿ ನಿಮ್ಮದು, ಯಾರಿಗೆ ಬೇಕಾದ್ರೂ ಕೊಡಿ" ಎಂದಳು. "ನಂಗೆ ಈ ಒಂದು ಮಾತಿಗೆ ಉತ್ತರ ಬೇಕು. ಹೇಳೋಕಾಗಲ್ಲ ಅಂದ್ರೆ ಆ ಹಲ್ಲು ಬಿಚ್ಚಿ ಈ ಮೇಜಿನ ಮೇಲಿಡಿ."

ಬಿಸ್ಕತ್ತು ಕಡಿಯುತ್ತಿದ್ದ ಸದ್ದೂ ನಿಂತಿತು. ಮೇಷ್ಟ್ರ ಕೈ ತಾನಾಗಿಯೇ ಬಾಯಿಗೆ ಅಡ್ಡ ಹೋಯಿತು. ಆಗ ಟೀ ತಟ್ಟೆಯನ್ನು ಕೆಳಗಿಟ್ಟು ಅವರ ಹೆಂಡತಿ ಹೇಳಿದರು, "ಕೇಳಿದ್ದಕ್ಕೆ ಉತ್ತರ ಕೊಡ್ರೀ. ಮನೇಲಿ ನನ್ನ ಹತ್ರ ಹೇಳಿದ್ದನ್ನೇ ಇಲ್ಲಿ ಹೇಳಿ."

ಮೇಷ್ಟ್ರು ನಡುಗುವ ಬಲಗೈಯನ್ನು ಎಡಗೈಯಿಂದ ಹಿಡಿದುಕೊಂಡರು. ಎಲ್ಲರೂ ಅದನ್ನು ನೋಡಿದರು. ಅವರು ಬಚ್ಚಿಡಲೂ ಇಲ್ಲ.

"ಇವಳೇ ಕಟ್ಟಿದ್ದು" ಎಂದರು. "ಇದೊಂದೇ ಅಲ್ಲ. ಐದಾರು ವರ್ಷದಿಂದ ನಿಮಗೆಲ್ಲ ಕಳಿಸಿದ ಪ್ರತಿಯೊಂದು ಸೆಟ್ಟೂ ಇವಳದೇ ಕೈ. ನಾನು..." ಅವರ ಬಾಯಿಗೆ ಬಂದದ್ದು ಆ ಒಂದೇ ಮಾತು. "ನಾನು ಸ್ವಲ್ಪ ಹೆಲ್ಪ್ ಮಾಡ್ತಿದ್ದೆ, ಅಷ್ಟೇ."

ಅಕ್ಕನ ಮಗ ಕುರ್ಚಿಯ ಬೆನ್ನಿನ ಮೇಲಿಟ್ಟಿದ್ದ ಕೈ ತೆಗೆದು ಒಂದು ಹೆಜ್ಜೆ ಹಿಂದೆ ಸರಿದ. ಕಿಟಕಿಯ ಮೇಜಿನ ಮೇಲೆ, ಮರುದಿನ ಕಳಿಸಬೇಕಾಗಿದ್ದ ಒಂದು ಸೆಟ್ಟು ಅರ್ಧಕ್ಕೇ ನಿಂತಿತ್ತು. ಹಲ್ಲಕ್ಕ ಕುರ್ಚಿ ಎಳೆದುಕೊಂಡು ಕೂತಳು. ದೀಪ ಬಗ್ಗಿಸಿಕೊಂಡು, ಡಾಕ್ಟರುಗಳೆಲ್ಲ ನೋಡುತ್ತಿದ್ದಂತೆಯೇ, ಮೇಣ ಕಾಯಿಸಲು ಶುರುಮಾಡಿದಳು.