ತನ್ನ ಕುರ್ಚಿಗೆ ತಾನೇ ಪಾಠ ಹೇಳಿದ ಅಕ್ಕ
ಪ್ರತಿ ಕಚೇರಿಯಲ್ಲೂ ಇಂಥವರೊಬ್ಬರು ಇದ್ದೇ ಇರುತ್ತಾರೆ. ನಮ್ಮ ವಿಮಾ ಕಚೇರಿಯಲ್ಲಿ ಅವರಿಗೆ ‘ಇನ್ನೊಂದ್ಸಲ ಅಕ್ಕ’ ಎಂದೇ ಹೆಸರು. “ಇನ್ನೊಂದ್ಸಲ ನೋಡು” ಎನ್ನದೆ ಆಸ್ಪತ್ರೆ ಖರ್ಚಿನ ಒಂದು ಅರ್ಜಿಯನ್ನೂ ಮುಂದಕ್ಕೆ ಬಿಟ್ಟವರಲ್ಲ. ಕ್ಯಾಂಟೀನಿನ ತಿಂಡಿ ಪಟ್ಟಿಯನ್ನೂ ಕೆಂಪು ಪೆನ್ನಿನಲ್ಲಿ ತಿದ್ದಿ ಬರುತ್ತಾರೆ. ಅರ್ಜಿ ನೋಡುವ ಆ ಕೆಲಸವನ್ನೀಗ ಕಂಪನಿ ದೂರದ ಅಗ್ಗದ ಊರಿಗೆ ಹೊರಗುತ್ತಿಗೆ ಕೊಟ್ಟಿದೆ. ಸಾಲದ್ದಕ್ಕೆ, ಅಲ್ಲಿನ ಹೊಸ ಹುಡುಗಿಗೆ ಕಂಪ್ಯೂಟರ್ ಪರದೆಯಲ್ಲಿ ಅಕ್ಕನೇ ಪಾಠ ಹೇಳಬೇಕು, ‘ಕಲಿತಾಯಿತು’ ಎಂದು ಅಕ್ಕನೇ ಸಹಿ ಹಾಕಬೇಕು; ಸಹಿ ಬಿದ್ದ ದಿನ ಅಕ್ಕನ ಕೆಲಸಕ್ಕೆ ಕೊನೆ. ಕತ್ತನ್ನೂ ಕೊಡಿ, ಕತ್ತಿಯನ್ನೂ ಮಸೆದುಕೊಡಿ ಎನ್ನುವ ಈ ನಾಚಿಕೆಗೇಡಿಗೆ ದೊಡ್ಡವರು ಇಟ್ಟ ಹೆಸರು ದಕ್ಷತೆ. “ಅರ್ಧ ಹೇಳ್ಕೊಟ್ಟು ಅರ್ಧ ನುಂಗ್ಬಿಡಿ ಅಕ್ಕ,” ಎಂದೆ. “ಅರ್ಧ ಕಲ್ತೋಳ ಕೈಗೆ ಕಾಯಿಲೆಯವರ ಅರ್ಜಿ ಕೊಡ್ಲೇನೋ? ಥೂ!” ಎಂದು ಬೈದು ಪರದೆಯತ್ತ ತಿರುಗಿದರು: “ಆತುರ ಬೇಡ ತಾಯಿ, ನಿಧಾನಕ್ಕೆ ಓದು.” ಮನೆಯಲ್ಲಿ ದುಡಿಯುವವರು ಇವರೊಬ್ಬರೇ. ‘ಇನ್ನೂ ಕಲಿತಿಲ್ಲ’ ಎಂದು ಬರೆದಿದ್ದರೆ ಆರು ತಿಂಗಳಾದರೂ ಕುರ್ಚಿ ಉಳಿಯುತ್ತಿತ್ತು. ನಿನ್ನೆ ಸಹಿ ಹಾಕಿಬಿಟ್ಟರು. ಯಾಕಕ್ಕಾ ಎಂದರೆ, “ಚೆನ್ನಾಗ್ ಕಲ್ತಿದಾಳಲ್ಲೋ, ಸುಳ್ಳು ಹೇಗ್ ಬರೀಲಿ?” ಎಂದರು. ಸಹಿಯ ಆ ಕಾಗದವನ್ನು ಮಾಲೀಕರು ಧೈರ್ಯವಾಗಿ ಅಕ್ಕನ ಕೈಗೇ ಕೊಟ್ಟಿದ್ದು, ಈ ಉತ್ತರ ಗೊತ್ತಿದ್ದೇ.