ಮಡಿಯಲ್ಲಿ ಮಾಡಿದ ದಾಸವಾಳದ ಮದುವೆ

“ಅಂಕಲ್, ಈ ಗಿಡದ ಡಿಎನ್‌ಎ ಒಳಗ ಹಳದಿ ದಾಸವಾಳದ ಗುರುತು ಒಂದೂ ಇಲ್ರಿ. ಎಲ್ಲಾ ಕೆಂಪು ತಾಯಿದ ಅದ,” ಎಂದಳು ಮಾನಸಾ. ಧಾರವಾಡದ ಈ ಹುಡುಗಿ ವಡೋದರಾದಲ್ಲಿ ಸಸ್ಯತಳಿ ವಿಜ್ಞಾನ ಓದುತ್ತಿದ್ದಾಳೆ. ಮಿಶ್ರತಳಿಯೆಂಬುದಕ್ಕೆ ಸಾಕ್ಷಿಗಿರಲೆಂದು ಪರೀಕ್ಷೆಗೆ ಎಲೆ ಕಿತ್ತು ಕೊಟ್ಟವನು ನಾನೇ.

ಅಲ್ಲೇ ಹತ್ತಿರದ ಕೊಯಾಲಿ ರಿಫೈನರಿಯ ಕ್ವಾರ್ಟರ್ಸ್ ಅಂಗಳದಲ್ಲಿ ಕೆಂಪು, ಹಳದಿ ದಾಸವಾಳಗಳಿಗೆ ಮದುವೆ ಮಾಡಿಸಿ, ಒಂಬತ್ತು ವರ್ಷಕ್ಕೆ ಪಡೆದ ಕಿತ್ತಳೆ ಹೂವು ಅದು. ತೀರಿಹೋದ ಮಡದಿಯ ಹೆಸರಿಟ್ಟು, ಹೊಸ ಮಿಶ್ರತಳಿಯೆಂದು ಪುಷ್ಪಪ್ರದರ್ಶನಕ್ಕೆ ಅರ್ಜಿಯನ್ನೂ ಹಾಕಿದ್ದೆ.

“ಪರಾಗ ಎಷ್ಟೊತ್ತಿಗೆ ಹಚ್ಚತಿದ್ರಿ?”

“ಸ್ನಾನ, ಪೂಜೆ ಮುಗಿಸಿ ಎಂಟಕ್ಕೆ. ಮೈಲಿಗೆಯಲ್ಲಿ ಹೂ ಮುಟ್ಟೋದುಂಟೇನಮ್ಮ?”

“ಅಷ್ಟೊತ್ತಿಗೆ ಹೂವು ಅರಳಿ, ತನ್ನ ಪರಾಗ ತಾನೇ ತಗೊಂಡಿರತದ್ರಿ. ಮೊಗ್ಗಿದ್ದಾಗನ ಕೇಸರ ತೆಗೀಬೇಕಿತ್ತು. ಈ ಕಿತ್ತಳೆ ಬಣ್ಣ ಕೆಂಪು ತಾಯಿಯೊಳಗ ಅಡಗಿದ್ದದ್ದ.”

ಹೀಗೆ ಒಂಬತ್ತು ವರ್ಷ ನಾನು ಶುದ್ಧ ಮಡಿಯುಟ್ಟು, ಮುಹೂರ್ತ ಮೀರಿದ ಮೇಲೆ ಮಂಟಪಕ್ಕೆ ಬಂದ ಪುರೋಹಿತನಾಗಿದ್ದೆ.

ಅರ್ಜಿ ಹಿಂದಕ್ಕೆ ಪಡೆದೆ. ಮತ್ತೆ ಮೊದಲಿನಿಂದ ಶುರುಮಾಡೋಣವೆಂದರೆ ಮುಂದಿನ ತಿಂಗಳು ನಿವೃತ್ತಿ, ಅಂಗಳ ಬೇರೆಯವರ ಪಾಲು. ಮಡದಿಯ ಹೆಸರಿನಲ್ಲಿ ಒಂದು ಹೂವು ಬಿಟ್ಟುಹೋಗುವ ಆಸೆಯಿತ್ತು. ಈಗ ಸ್ನಾನಕ್ಕೆ ಮೊದಲೇ ಹೂ ಮುಟ್ಟಲು ಸಿದ್ಧನಿದ್ದೇನೆ. ಮುಟ್ಟಲು ಗಿಡಗಳು ಮಾತ್ರ ಇನ್ನು ನನ್ನವಲ್ಲ.