ನಿಂಬೆಗಿಡಕ್ಕೆ ತರಗಿನ ಹೊದಿಕೆ

ಬೆಳಿಗ್ಗೆ ಎದುರುಮನೆಯವರು ಉದುರೆಲೆ ಗುಡ್ಡೆಮಾಡಿ ಬೆಂಕಿ ಹಚ್ಚಿದರು. ಹೊಗೆ ಮೂಗಿಗೆ ಬಡಿದರೆ ಉಳಿದವರಿಗೆ ಕೆಮ್ಮು ಬರುತ್ತದೆ. ನನಗೆ ಕೆರಗೋಡಿನ ದೊಡ್ಡಮ್ಮ ನೆನಪಾದಳು, ಅದೂ ಸಿಟ್ಟಾಗಿದ್ದ ದೊಡ್ಡಮ್ಮ.

ಎಪ್ಪತ್ತರ ದಶಕದ ಮಾತು. ಮಂಡ್ಯದಲ್ಲಿ ಕಾಲೇಜು ಓದುತ್ತಿದ್ದ ನಾನು ರಜೆ ಬಂತೆಂದರೆ ಅವಳ ಉಪ್ಪಿನಕಾಯಿಯ ಆಸೆಗೆ ಬಸ್ಸು ಹತ್ತುತ್ತಿದ್ದೆ. ಪಾಠಕ್ಕಿಂತ ಅದೇ ನನಗೆ ಬೇಗ ಹತ್ತುತ್ತಿತ್ತು ಅನ್ನಿ. ಹಿತ್ತಲಲ್ಲಿ ಅವಳದೊಂದು ನಿಂಬೆಗಿಡ. ಬೀದಿಯಲ್ಲಿ ಯಾರಿಗೆ ಪಿತ್ತವೇರಲಿ, ಯಾರ ಮನೆಗೆ ನೆಂಟರು ಬರಲಿ, ಹಣ್ಣಿಗೆ ಅಲ್ಲಿಗೇ ಬರಬೇಕು. ಆ ಗಿಡದಿಂದ ಅವಳಿಗೊಂದು ಗತ್ತಿತ್ತು. ನೆಲದ ತೇವ ಆರದಿರಲೆಂದು ಬುಡದ ಸುತ್ತ ಕಬ್ಬಿನ ಒಣತರಗು ಹೊದಿಸುತ್ತಿದ್ದಳು. ದೊಡ್ಡಪ್ಪನಿಗೆ ಅದು ಬರೀ ಕಸ. ಯೂರಿಯಾ ಹಾಕಿದ ಗದ್ದೆಯಲ್ಲಿ ಪೈರು ಹಸಿರೇರಿ ಕರ್ರಗೆ ಎದ್ದದ್ದನ್ನು ಕಂಡು ಹಿಗ್ಗಿದ್ದ ಮನುಷ್ಯ ಅವನು.

ಒಂದು ಬೇಸಿಗೆ, ನಾಲೆಗೆ ನೀರು ಬಿಡುವುದು ನಿಂತಿತ್ತು. ದೊಡ್ಡಮ್ಮ ತವರಿಗೆ ಹೋದ ಸಮಯ ನೋಡಿ ದೊಡ್ಡಪ್ಪ ತರಗನ್ನೆಲ್ಲ ಗೋರಿ ಸುಟ್ಟು, ಒಣನೆಲಕ್ಕೇ ಬೊಗಸೆ ಬೊಗಸೆ ಯೂರಿಯಾ ಸುರಿದ. ಅವಳು ಬರುವಷ್ಟರಲ್ಲಿ ಎಲೆ ಕರಕಲಾಗಿ ಉದುರಿ ಗಿಡ ಬೋಳು.

ಅವಳು ಕೂಗಾಡಲಿಲ್ಲ. ಗಂಡನ ಜೊತೆ ಮಾತು ಬಿಟ್ಟಳು. ಅವನು ಉಣ್ಣಲು ಕೂತಾಗ ಹಿತ್ತಲ ಕಡೆ ತಿರುಗಿ ಗಿಡವನ್ನು ಕೇಳುವಳು:

"ಏನವ್ವ, ಒಟ್ಟೆ ತುಂಬ್ತಾ? ಇನ್ನೊಸಿ ಬಡುಸ್ಲಾ?"

ದೊಡ್ಡಪ್ಪ ಮುದ್ದೆಯನ್ನು ಅರ್ಧಕ್ಕೇ ಬಿಟ್ಟು ಏಳುವನು. ನನಗೆ ಮೊದಮೊದಲು ನಗು. ಆಮೇಲೆ, ಗಿಡ ಸತ್ತರೆ ಇವರಿಬ್ಬರೂ ಇನ್ನು ಮಾತಾಡುವುದೇ ಇಲ್ಲವೇನೋ ಎಂದು ನಿಜಕ್ಕೂ ಭಯವಾಯಿತು.

ಒಂದು ಬೆಳಿಗ್ಗೆ ದೊಡ್ಡಪ್ಪ ಗದ್ದೆಯಿಂದ ಗಾಡಿ ತುಂಬ ತರಗು ತಂದ. ಬಾವಿಯಿಂದ ನೀರು ಸೇದಿ ಸೇದಿ ಗಿಡಕ್ಕೆ ಹೊಯ್ದು, ಮಂಡಿಯೂರಿ ತಾನೇ ತರಗು ಹರಡತೊಡಗಿದ. ಅಡಿಗೆಮನೆ ಬಾಗಿಲಲ್ಲಿ ನಿಂತಿದ್ದ ದೊಡ್ಡಮ್ಮ ತಡೆದುಕೊಳ್ಳುವಷ್ಟು ತಡೆದುಕೊಂಡಳು.

"ಬುಡಕ್ಕೆ ಒತ್ತಿ ಆಕ್ಬ್ಯಾಡಿ, ಕೊಳ್ತೋಯ್ತದೆ. ಒಸಿ ಗಾಳಿ ಆಡ್ಲಿ."

ಅವನು ತಲೆ ಎತ್ತದೆ ಕೇಳಿದ: "ಇಷ್ಟ್ ದೂರ ಸಾಕಾ?"

ಅಷ್ಟೊತ್ತಿಗೆ ಅವಳೂ ಸೆರಗು ಸಿಕ್ಕಿಸಿಕೊಂಡು ಹಿತ್ತಲಿಗೆ ಇಳಿದಿದ್ದಳು. ನನಗೆ ಎಷ್ಟು ಖುಷಿಯಾಯಿತೆಂದರೆ ಹೇಳತೀರದು.

ಮಳೆ ಬಿದ್ದ ಮೇಲೆ ಗಿಡ ಚಿಗುರಿತು.

"ನೋಡ್ದಾ, ನನ್ ಯೂರಿಯಾ ಈಗ ಕೆಲ್ಸ ಮಾಡ್ತು!" ಎಂದ ದೊಡ್ಡಪ್ಪ. ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಬಾರದಲ್ಲ!

"ಆಯ್ತು ಬುಡಿ, ನಿಮ್ದೇಯ" ಎಂದು ದೊಡ್ಡಮ್ಮ ನಕ್ಕಳು.

ಇವತ್ತು ನಾನು ಸುಡದೆ ಉಳಿದ ಎಲೆಯನ್ನು ಎದುರುಮನೆಯವರಿಂದ ಕೇಳಿ ಪಡೆದು, ಚೀಲಕ್ಕೆ ತುಂಬಿ ಮನೆಗೆ ತಂದೆ. ನಮ್ಮ ಸಪೋಟದ ಬುಡದಲ್ಲಿ ಸುರಿಯುತ್ತಿದ್ದಂತೆ ಹೆಂಡತಿ ಬಂದಳು.

"ಈಗ್ ತಾನೆ ಅಂಗಳ ಗುಡ್ಸಿದೀನಿ ಕಣ್ರೀ, ಏನಿದು?"

ಮಣ್ಣಿನ ತೇವದ ಬಗ್ಗೆ ಒಂದು ಭಾಷಣವೇ ನನ್ನ ನಾಲಗೆಯ ತುದಿಯಲ್ಲಿತ್ತು. ನುಂಗಿಕೊಂಡೆ. "ಎಲ್ಲಿ, ಹೇಗೆ ಹರಡಲಿ, ನೀನೇ ಹೇಳು" ಎಂದೆ.

ಹೇಳಿದಳು. ಇನ್ನೂ ಹೇಳುತ್ತಲೇ ಇದ್ದಾಳೆ.